ಸೋಮವಾರ ಮಾತ್ರ ತಿರುಗುವ ಅಲೆ

ಬೆಳಿಗ್ಗೆ ಹತ್ತಕ್ಕೆ ಭಾರತೀನಗರದ ನಮ್ಮ ಕಾಲೇಜಿಗೆ ವಿಶ್ವವಿದ್ಯಾಲಯದ ಕಮಿಟಿಯಿಂದ ಪತ್ರ ಬಂತು. ಶಬ್ರೀನ್ ಸುಳ್ಳು ಅಂಕಿಅಂಶ ಹುಟ್ಟಿಸಿದ್ದಾಳೆ—ಅವಳ ಪಿಎಚ್‌ಡಿ ರದ್ದು. ಉತ್ತರ ಕೊಡಲು ಮೂರು ದಿನ.

ನನ್ನ ಗೆಳತಿ ಶಬ್ರೀನ್ ಮದ್ದೂರಿನ ಮೆಕ್ಯಾನಿಕ್ ಬಾಬು ಜಾನ್ ಮಗಳು. ಮೂರು ವರ್ಷ ಕಾಲೇಜಿನ ರಾಡಾರಿನಿಂದ ತೊಂಬತ್ತು ಕಿಲೋಮೀಟರ್ ಮೇಲಿನ ಗಾಳಿ ಅಳೆದವಳು. ಸೂರ್ಯನ ಬಿಸಿಗೆ ಅಲ್ಲಿಯ ಗಾಳಿಯೂ ಕಡಲಿನಂತೆ ದಿನಾ ಉಬ್ಬಿ ಇಳಿಯುತ್ತದೆ. ಭೂಮಿಯನ್ನೇ ಸುತ್ತುವ ಗ್ರಹದಲೆಗಳು ಆ ಉಬ್ಬರವನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಹದಿನಾಲ್ಕು ದಿನಕ್ಕೊಮ್ಮೆ ಹಾಗಾಗುವುದು ಅವಳಿಗೆ ಕಂಡಿತ್ತು. ಬೇರೆ ಯಾವ ರಾಡಾರಿಗೂ ಕಂಡಿರಲಿಲ್ಲ! ಗ್ರಹದಲೆ ಹೋಗಿ ಗ್ರಹಚಾರ ಆಯಿತು.

"ಯಾರೋ ತಿದ್ದವ್ರೆ ಕಣೇ ಗಗನ," ಎಂದಳು ನನಗೆ.

ಯಾರು? ರಾಡಾರಿನ ಫೈಲು ಅವಳಿಗೆ ಕೊಡುವ ಗೈಡ್ ಸಿದ್ದೇಶ್? ರಾಡಾರ್ ಕಾಯುವ ಚಿಕ್ಕಮಾದು?

ನಮ್ಮ ತಾತ ಹೊನ್ನಯ್ಯನನ್ನು ಕರೆತಂದೆ. ನಿವೃತ್ತ ಲೈನ್‌ಮನ್. ಕದ್ದ ಕರೆಂಟು ಹಿಡಿಯುವುದರಲ್ಲಿ ಎತ್ತಿದ ಕೈ. ತಾತ ಶಬ್ರೀನಳ ಅಲೆಯ ನಕ್ಷೆಯ ಮೇಲೆ ಬೆರಳಿಟ್ಟ.

"ಇದು ಮ್ಯಾಲಕ್ಕೋಗಿದ್ದು ಯಾವ್ ವಾರ?"

"ಸೋಮವಾರ."

"ಇಳ್ದಿದ್ದು?"

"ಸೋಮವಾರ."

"ಅದ್ರ ಮುಂದಿಂದು?"

ಶಬ್ರೀನ್ ಕ್ಯಾಲೆಂಡರ್ ನೋಡಿದಳು. "ಅದೂ ಸೋಮವಾರವೇ ತಾತ!"

"ಗಾಳಿಗೆ ವಾರ ಗೊತ್ತಾಯ್ತದೇನವ್ವಾ?—ಗಗನ, ನಿಮ್ ಮೇಷ್ಟ್ರು ದನಿ ತೆಗಿ."

ಮಿಮಿಕ್ರಿಯಲ್ಲಿ ನಾನು ಕಾಲೇಜಿಗೇ ಹೆಸರುವಾಸಿ; ಸಿದ್ದೇಶರ ಮೂಗಿನ ದನಿಯಲ್ಲಿ ಫೋನ್ ಮಾಡಿ ಸ್ಪೀಕರ್ ಒತ್ತಿದೆ. "ಚಿಕ್ಕಮಾದು, ರಾಡಾರಿಗೆ ಯಾವ ಲೈನ್ರೀ?"

"ಇದೇನ್ ಸಾ, ನೀವೇ ಯೋಳುದ್ರಲ್ಲ? ಕಾಲೇಜ್ ಲೈನು ನಿಮ್ ರೂಮಿನ ಏಸಿಗಾಕು, ರಾಡಾರ್‌ನ ಪಕ್ಕದ ಗದ್ದೆ ಪಂಪ್‌ಸೆಟ್ ಲೈನಿಗಾಕು ಅಂತ. ಏಸಿ ಕೆಟ್ಟೋಯ್ತಾ ಸಾ?"

ಬಾಗಿಲಲ್ಲಿ ಸಾಕ್ಷಾತ್ ಸಿದ್ದೇಶ್ ನಿಂತಿದ್ದರು.

"ಪಂಪ್‌ಸೆಟ್ಟಿಗೆ ತ್ರೀ ಫೇಸು ಕರೆಂಟು ಒಂದ್ ವಾರ ಅಗಲು, ಒಂದ್ ವಾರ ರಾತ್ರಿ," ಎಂದ ತಾತ. "ಪಾಳಿ ಬದ್ಲಾಗೋದು ಸೋಮವಾರ. ಎರಡು ವಾರಕ್ಕೊಂದು ಸುತ್ತು. ದಿನಾ ಅರ್ಧ ಹೊತ್ತು ರಾಡಾರ್ ಸತ್ತಿರೋದು. ಆ ಖಾಲಿ ಗಂಟೆಗಳ್ನ ಯಾರ್ ತುಂಬುದ್ರು ಸಾಮಿ? ನೀವೇ ತಾನೇ?"

"ಸಾಫ್ಟ್‌ವೇರ್ ತುಂಬಿತು... ಒಂದು ವಾರ ಹಗಲಿನ, ಒಂದು ವಾರ ರಾತ್ರಿಯ ಸರಾಸರಿ ಲೆಕ್ಕದಲ್ಲಿ. ಅವಳಿಗೆ ಹೇಳಬೇಕು ಅನ್ನಿಸಲಿಲ್ಲ."

"ತ್ರೀ ಫೇಸ್ ಅಂದ್ರೆ ಇವ್ರೇ ತಾತ," ಎಂದೆ. "ನಮಗೊಂದು ಮುಖ, ಕಮಿಟಿಗೊಂದು, ಏಸಿಗೊಂದು."

ಸಿದ್ದೇಶ್ ಬೆವರು ಒರೆಸಿಕೊಂಡರು. "ಅವಳು ಏನೂ ಹುಟ್ಟಿಸಿಲ್ಲ ಅಂತ ಕಮಿಟಿಗೆ ಬರೆದು ಕೊಡ್ತೀನಿ."

"ಅಂದ್ರೆ ನಾನು ಸುಳ್ಳುಗಾತಿ ಅಲ್ಲ," ಎಂದಳು ಶಬ್ರೀನ್ ಮೆಲ್ಲಗೆ. ನಕ್ಷೆಯನ್ನೇ ನೋಡುತ್ತಿದ್ದಳು. "ಅಲೆ... ಅದೂ ಇಲ್ಲ."

ನಕ್ಷೆ ಮಡಚಿ ನನ್ನ ಕೈಗಿಟ್ಟಳು.

"ಮೂರ್ ವರ್ಷ ಕರೆಂಟ್ ಟೈಮ್‌ಟೇಬಲ್ ಮೇಲೆ ಪಿಎಚ್‌ಡಿ ಮಾಡಿದೀನಿ ಕಣೇ!"

ಶಬ್ರೀನ್ ನಕ್ಕಳು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ಇಣುಕುವಷ್ಟು ಜೋರಾಗಿ ನಕ್ಕಳು. ನಾವ್ಯಾರೂ ಅವಳ ಮುಖ ನೋಡಲಿಲ್ಲ.