ಸೋಸಿ ತೆಗೆದ ಬೈಗುಳ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅಂತರ್ಜಾಲದ ಪುಟ ಕಟ್ಟಿಕೊಡುವ ಒಂದು ಕಂಪನಿಯಲ್ಲಿ ಸೋಮವಾರ ಬೆಳಿಗ್ಗೆ ನಲವತ್ತು ಜನ ಸಾಲಾಗಿ ಕೂತು, ಹಣೆಗೆ ಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚಿದರು. ಮುಕ್ಕಾಲು ತಾಸಿಗೆ ಕಣ್ಣು ಬಿಟ್ಟಾಗ ಎಲ್ಲರಿಗೂ ತೇಲುಪುಟ ಕಟ್ಟಲು ಬರುತ್ತಿತ್ತು. ತೇಲುಪುಟ ಅಂದರೆ 2061ರಲ್ಲಿ ಅಂತರ್ಜಾಲಕ್ಕೆ ಬಂದ ಹೊಸ ವಿದ್ಯೆ. ಪುಟದ ಅರ್ಧ ಕಂಪನಿಯ ಯಂತ್ರದಲ್ಲಿ, ಇನ್ನರ್ಧ ನೋಡುವವರ ಫೋನಿನಲ್ಲಿ. ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬಂದ ಮೇಲೆ ಎರಡೂ ಅರ್ಧ ತಾವೇ ಕೂಡಿಕೊಳ್ಳುತ್ತವೆ.

ಕಲಿತದ್ದನ್ನು ಒಂದು ತಲೆಯಿಂದ ಇನ್ನೊಂದು ತಲೆಗೆ ಇಳಿಸುವ ಈ ಪಟ್ಟಿಯನ್ನು ಕಂಡುಹಿಡಿದವರು ಡಾ. ಮೆಹರುನ್ನೀಸಾ ನದಾಫ. ಆದರೆ ಇಳಿಸಬೇಕಾದರೆ ಮೊದಲು ಯಾರದಾದರೂ ತಲೆಯಲ್ಲಿ ಅದು ಇರಬೇಕಲ್ಲ? ಆ ತಲೆ ಚಂಪಾವತಿ ಕಮ್ಮಾರರದು. ಐವತ್ತನಾಲ್ಕು ವಯಸ್ಸು, ಎಲ್ಲರಿಗೂ ಚಂಪಕ್ಕ. ಹೊಸ ವಿದ್ಯೆ ಏನೇ ಬರಲಿ, ಮೇಲಿನ ಮಹಡಿಯಲ್ಲಿ ಒಬ್ಬಳೇ ಕೂತು, ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ, ಹನ್ನೊಂದು ವಾರ ಒದ್ದಾಡಿ ಕಲಿಯುವುದು ಅವಳ ನೌಕರಿ. ಅವಳ ಹಣೆಯ ಪಟ್ಟಿ ಅಷ್ಟನ್ನೂ ಮುದ್ರಿಸಿಕೊಳ್ಳುತ್ತಿತ್ತು.

ತಪ್ಪಿದಾಗಲೆಲ್ಲ ಬೈಯುವುದು ಚಂಪಕ್ಕನ ರೂಢಿ. “ನಿನ್ನ ಬಾಯಾಗ ಮಣ್ಣ ಹಾಕ!” ಎಂದು ಪರದೆಗೇ ಬೈಯುವಳು. ಹೋದ ಸಲ ಕಲಿಕೆಯ ಸಂಗಡ ಬೈಗುಳವೂ ಇಳಿದಿತ್ತು. ದೊಡ್ಡ ಗಿರಾಕಿಯೊಬ್ಬರ ಎದುರು ಮ್ಯಾನೇಜರ್ ಕಟ್ಟಿಯವರ ಬಾಯಿಂದಲೇ ಆ ಮಾತು ಜಾರಿಬಿಟ್ಟಿತು. ಮಾರನೆಯ ದಿನವೇ ಅವರು ನದಾಫ ಅವರನ್ನು ಒತ್ತಾಯಿಸಿ ಪಟ್ಟಿಗೆ ಬೈಗುಳ ಸೋಸುವ ಜರಡಿ ಹಾಕಿಸಿದರು. ಮೂರು ತಾಸಿನ ಪಾಠ ಮುಕ್ಕಾಲು ತಾಸಿಗೆ ಇಳಿಯಿತು. ಎಲ್ಲರಿಗೂ ಖುಷಿ. ಯಾಕೆ ಇಳಿಯಿತು ಎಂದು ಯಾರೂ ಕೇಳಲಿಲ್ಲ.

ಬುಧವಾರ ಒಂದು ಆಸ್ಪತ್ರೆಯ ಡಯಾಲಿಸಿಸ್ ಪುಟವನ್ನು ತೇಲುಪುಟವಾಗಿ ಬದಲಿಸಿದರು. ಮೂತ್ರಪಿಂಡ ಸೋತವರು ಯಂತ್ರದಿಂದ ರಕ್ತ ತೊಳೆಸಿಕೊಳ್ಳಲು ಕುರ್ಚಿ ಹಿಡಿಯುವ ಪುಟ ಅದು. ಗುರುವಾರ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನು: ಹದಿಮೂರು ಕುರ್ಚಿ, ಇಪ್ಪತ್ತಾರು ಹೆಸರು. ಹನ್ನೆರಡಕ್ಕೆ ಸರತಿ ಶುರು. ಅಣ್ಣಿಗೇರಿಯ ಗುರುಪಾದಪ್ಪ ಎಂಬ ಮುದುಕರಿಗೆ ಬಸ್ಸು ಸಿಗದೆ ಮಂಗಳವಾರದ ಸರತಿಯೂ ತಪ್ಪಿಹೋಗಿದೆ. ಇವತ್ತೂ ತಪ್ಪಿದರೆ ಮೈಯಲ್ಲಿ ನಿಂತ ನೀರು ಎದೆಗೇರುತ್ತದೆ.

“ನಲವತ್ತ ಮಂದಿ ಕಲತೀರಿ, ಒಬ್ಬರಿಗೂ ತಿಳೀವಲ್ದೇನು?” ಕಟ್ಟಿಯವರ ದನಿ ಮೇಲಿನ ಮಹಡಿಗೂ ಕೇಳಿಸಿತು.

ಚಂಪಕ್ಕ ಮೆಟ್ಟಿಲಿಳಿದು ಬಂದಳು. ಅಷ್ಟೂ ತಲೆಯೊಳಗೆ ಇರುವುದು ತನ್ನ ಕಲಿಕೆಯಲ್ಲವೆ? ಆ ಮುದುಕರಿಗೆ ಏನಾದರೂ ಆದರೆ ಹೊಣೆ ಯಾರದು?

“ಕಟ್ಟಬೇಕಾದಂಗ ಕಟ್ಟೀವ್ರಿ ಅಕ್ಕಾ,” ಎಂದ ಪುಟ ಕಟ್ಟಿದ ಯಮನೂರ ಹೊಸಮನಿ. ಮುಖ ಬೆವೆತಿತ್ತು. “ಎಲ್ಲಾ ಸರಿ ಕಾಣತೈತಿ. ಕೆಟ್ಟಿದ್ದ ಎಲ್ಲೆಂತ ಕಾಣವಲ್ದು.”

“ಮೊದ್ಲ ಒಂದ ಕುರ್ಚಿ ಹಿಡಿದ ಇಬ್ಬರ ಫೋನಿನ ಗಡಿಯಾರ ನೋಡೋ.”

“ಗಡಿಯಾರಾ? ಅದ್ಯಾಕ್ರೀ?”

ಚಂಪಕ್ಕ ಅವನ ಮುಖವನ್ನೇ ನೋಡಿದಳು. ಹುಡುಗಾಟವಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ನೆಟ್ ಇಲ್ಲದಾಗ ಇಬ್ಬರು ಒಂದೇ ಕುರ್ಚಿ ಹಿಡಿದರೆ, ಮೊದಲು ಹಿಡಿದವರು ಯಾರೆಂದು ತೇಲುಪುಟ ಅವರವರ ಫೋನಿನ ಗಡಿಯಾರವನ್ನೇ ಕೇಳುತ್ತದೆ. ಗಡಿಯಾರ ತಪ್ಪಿದ್ದರೆ ಎರಡೂ ಫೋನು ತಾನೇ ಮೊದಲು ಅನ್ನುತ್ತವೆ. ಪುಟ ಇಬ್ಬರನ್ನೂ ನಂಬಿ ಸುಮ್ಮನಾಗುತ್ತದೆ.

“ನಾಕನೇ ವಾರದಿಂದ ಹಿಡದು ಒಂಬತ್ತ ದಿನಾ ಇದನ್ನ ಬೈದೀನಲ್ಲೋ! ನಿನಗ ನೆನಪಿಲ್ಲೇನು?”

“ನನಗ ಹೆಂಗ ನೆನಪಿರತೈತ್ರಿ? ಬೈದವ್ರು ನೀವು.”

ಬಾಗಿಲಲ್ಲಿ ನಿಂತಿದ್ದ ನದಾಫ ಅವರ ಮುಖ ಸಣ್ಣದಾಯಿತು. ತಲೆಯಲ್ಲಿ ಬೈಗುಳ ಬೇರೆ, ತಪ್ಪು ಬೇರೆ ಎಂದು ಇರುವುದಿಲ್ಲ. ಎರಡೂ ಒಂದೇ ಗಂಟು. ಜರಡಿ ಒಂದನ್ನು ಹಿಡಿದರೆ ಇನ್ನೊಂದೂ ಬರುತ್ತದೆ. “ಬೈಗುಳ ತಗದೀನಿ ಅಂದ್ಕೊಂಡಿದ್ದೆ, ಚಂಪಕ್ಕ. ನೀವು ಮಾಡಿದ ತಪ್ಪೆಲ್ಲಾ ಬಳಕೊಂಡು ಹೋಗೇತಿ.”

ಇಪ್ಪತ್ತಾರು ಫೋನಿನ ಗಡಿಯಾರ ತಾಳೆ ನೋಡಿ, ಅರ್ಧದಷ್ಟು ಹೆಸರನ್ನು ಸಂಜೆಯ ಸರತಿಗೆ ದಾಟಿಸುವಷ್ಟರಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಗುರುಪಾದಪ್ಪ ಕುರ್ಚಿ ಏರಿದರು ಎಂದು ಆಸ್ಪತ್ರೆಯವರು ಹೇಳಿದ ಮೇಲೆಯೇ ಚಂಪಕ್ಕ ನೀರು ಕುಡಿದದ್ದು.

“ಜರಡಿ ತಗೀರಿ,” ಎಂದಳು.

ನದಾಫ ತೆಗೆದರು. ಆದರೆ ಕಟ್ಟಿಯವರು ಜರಡಿ ಇದ್ದದ್ದು, ಇಲ್ಲದ್ದು ಎರಡೂ ಇರಲಿ ಅಂದರು, ಬೇಕಾದ್ದು ಆರಿಸಿಕೊಳ್ಳಲಿ. ಮುಂದಿನ ಸೋಮವಾರ ಮೂವತ್ತೊಂಬತ್ತು ಜನ ಮುಕ್ಕಾಲು ತಾಸಿನ ಸಾಲಿಗೆ ಹೋದರು. ಮೂರು ತಾಸಿನದಕ್ಕೆ ಕೂತವನು ಯಮನೂರ ಒಬ್ಬನೇ. ಅವನೂ ಒಂದು ತಾಸಿಗೆ ಪಟ್ಟಿ ಕಿತ್ತಿಟ್ಟು ಎದ್ದ.

“ತಲಿ ಸಿಡಿಯಾಕತ್ತೇತ್ರಿ ಅಕ್ಕಾ. ನಿಮ್ಮ ಸಿಟ್ಟೆಲ್ಲಾ ನಂದ ಆದಂಗ ಆತು. ಉತ್ತರ ಇರೂದ ಐತಿ, ನೆಟ್ಟಗ ಕೊಟ್ಟರ ಆಗೂದಿಲ್ಲೇನು?”

ನದಾಫ ನಕ್ಕರು, ಆದರೆ ಕಣ್ಣು ನಗಲಿಲ್ಲ. “ಇದು ನನ್ನ ಪಟ್ಟಿಯಿಂದ ಶುರು ಆಗಿದ್ದಲ್ಲ. ಇಪ್ಪತ್ತರ ದಶಕದಾಗ ನಮ್ಮಜ್ಜಿ ಇಂಥಾದ ಕಂಪನಿಯಾಗ ಹೊಸಬರಿಗೆ ಕಲಸ್ತಿದ್ಲು. ಯಂತ್ರಕ್ಕ ಕೇಳಿದ್ರ ಚಣಕ್ಕ ಉತ್ತರ ಬರ್ತಿತ್ತಂತ, ಮಂದಿ ತಗೊಂಡು ಅಂಟಿಸ್ತಿದ್ರಂತ. ‘ಈ ಹುಡುಗರಿಗೆ ತಪ್ಪು ಮಾಡಾಕ ಪುರುಸೊತ್ತಿಲ್ಲ’ ಅಂತಿದ್ಲು. ಜರಡಿ ಆಗಲೇ ಇತ್ತು. ನಾನು ಅದಕ್ಕೊಂದು ಪಟ್ಟಿ ಹೊಲದೆ, ಅಷ್ಟ.”

ಇನ್ನು ನಾಲ್ಕು ವರ್ಷಕ್ಕೆ ಚಂಪಕ್ಕನ ನೌಕರಿ ಮುಗಿಯುತ್ತದೆ. ಆಮೇಲೆ ಹನ್ನೊಂದು ವಾರ ಕೆಡಿಸುತ್ತ ಕೂರುವವರು ಯಾರು? ಯಮನೂರನ ತೋಳು ಹಿಡಿದು ಮೇಲಿನ ಮಹಡಿಗೆ ಕರೆದೊಯ್ದು, ತಾನು ಅರ್ಧ ಕಲಿತಿದ್ದ ಇನ್ನೊಂದು ಹೊಸ ವಿದ್ಯೆಯ ಮುಂದೆ ಕೂಡಿಸಿದಳು. ಅವನ ಹಣೆಗೆ ಪಟ್ಟಿ ಕಟ್ಟಲಿಲ್ಲ.

“ಹೂಂ. ಶುರು ಮಾಡು.”

“ಏನ್ ಬರೀಲಿ?”

“ನಿನಗ ತೋಚಿದ್ದ ಬರಿ.”

“ತಪ್ಪಾದ್ರ?”

“ಆಗಲಿ ಅಂತನ ಕೂಡ್ಸೀನಿ.”

ಯಮನೂರ ಕೈ ಮುಂದೆ ಚಾಚಿದ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹೋಯಿತು, ಮತ್ತೊಂದು ಹೋಯಿತು. ಅವನ ಹತ್ತೂ ಬೆರಳು ಕೀಲಿಗಳಿಗಿಂತ ಒಂದಂಗುಲ ಮೇಲೆ ಹಾಗೇ ನಿಂತಿದ್ದವು, ಯಾರಾದರೂ ಹೇಳಲಿ ಎಂದು ಕಾಯುತ್ತ.