ಕಲ್ಯಾಣಮ್ಮನವರ ಕೊಳವೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮುಟ್ಟಿದ್ದು ಇದೇ ಕೈ.

ಎಪ್ಪತ್ತೆಂಟನೇ ಇಸವಿಯಲ್ಲಿ ನಮ್ಮ ಯಜಮಾನರ ಕಿಡ್ನಿ ಕೆಟ್ಟು, ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸುತ್ತಿದ್ದೆವು. ರಕ್ತದ ಕೊಳವೆಯನ್ನು ಮನೆಯವರು ಆಗಾಗ ಮುಟ್ಟಿ ನೋಡುವುದು ಅಲ್ಲಿನ ರೂಢಿ. ಬೆಚ್ಚಗಿದ್ದರೆ ರಕ್ತ ಓಡುತ್ತಿದೆ ಎಂದರ್ಥ.

ಪಕ್ಕದ ಮಂಚ ಕಲ್ಯಾಣಮ್ಮನವರದು. ಒಂದು ದಿನ, ಇನ್ನೊಬ್ಬ ರೋಗಿ ಕಾಯುತ್ತಿದ್ದಾರೆಂದು ಡಾಕ್ಟರು ಅವರ ಮೆಷಿನ್ನನ್ನು ಅರ್ಧಕ್ಕೇ ನಿಲ್ಲಿಸಿದರು. "ನಂದಿನ್ನೂ ಮುಗ್ದಿಲ್ಲ ಕಣಪ್ಪ" ಎಂದು ಆಕೆ ಗೋಗರೆದರೂ ಕೇಳಲಿಲ್ಲ. ಮನೆಗೆ ಹೋದವರು ಬೆಳಗ್ಗೆ ಏಳಲಿಲ್ಲ. ಅವರ ಮೆಷಿನ್ನೂ ಅಂದಿನಿಂದ ಕೆಟ್ಟು ನಿಂತಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಡಾಕ್ಟರು ನಮ್ಮ ಮೆಷಿನ್ನಿಗೂ ಕೈ ಹಾಕಿದರು. ನಾನು ಅಡ್ಡ ನಿಂತೆ.

"ಪೂರ್ತಿ ಆಗೋವರೆಗೂ ಮುಟ್ಬೇಡಿ ಸಾರ್."

"ಹಠ ಮಾಡ್ಬೇಡಿ ಜಲಜಮ್ಮ, ಹೊರಗಡೆ ಪೇಷಂಟ್ ಕಾಯ್ತಿದಾರೆ."

ನಾನು ಜಗ್ಗಲಿಲ್ಲ. ಆಸರೆಗೆಂದು ಪಕ್ಕದ ಖಾಲಿ ಮಂಚ ಹಿಡಿದಾಗ, ಕಲ್ಯಾಣಮ್ಮನವರ ಮೆಷಿನ್ನಿನಿಂದ ಜೋತುಬಿದ್ದಿದ್ದ ಕೊಳವೆ ಕೈಗೆ ತಗುಲಿತು. ಬೆಚ್ಚಗಿತ್ತು. ನಾಡಿಯ ಹಾಗೆ ಮಿಡಿಯುತ್ತಿತ್ತು.

"ಇದನ್ನ ಮುಟ್ಟಿ ನೋಡಿ, ಆಮೇಲೆ ನಮ್ದು ನಿಲ್ಸಿ" ಎಂದೆ.

ಮುಟ್ಟಿದರು. ಕೈ ಕೊಡವಿಕೊಂಡು ಹೊರಗೆ ಹೋದರು.

ಯಜಮಾನರದು ಪೂರ್ತಿ ಆಯಿತು. ಹೊರಡುವಾಗ ಆ ಕೊಳವೆಯನ್ನು ಮತ್ತೆ ಮುಟ್ಟಿದೆ. ಇನ್ನೂ ಬೆಚ್ಚಗೇ ಇತ್ತು. ಆ ಮೆಷಿನ್ನಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.