ಹಸಿರು ಗರಿಯ ಸರದಿ

"ಆ ಗರಿ ಮುಟ್ಬೇಡಿ!"

ಬೆನ್ನ ಹಿಂದಿನಿಂದ ಬಂದ ದನಿಗೆ ವನಜಾಕ್ಷಿಯ ಕೈ ಅಲ್ಲೇ ನಿಂತಿತು.

ನಾಲೆಯ ಗೇಟಿಗೆ ಕಟ್ಟಿದ್ದ ತೆಂಗಿನ ಗರಿಯ ಹೆಣಿಗೆ ಇನ್ನೇನು ಅವಳ ಬೆರಳಿಗೆ ತಾಗುವುದರಲ್ಲಿತ್ತು. ತಿರುಗಿ ನೋಡಿದಳು. ಒಬ್ಬ ಹುಡುಗ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೇಟು ಎತ್ತುವ ಕಬ್ಬಿಣದ ಹಿಡಿ, ಕಣ್ಣಲ್ಲಿ ಕೆಂಡ!

"ಮುಟ್ಟಿದ್ರೆ ಏನು, ಕಚ್ತದಾ?"

"ಅದು ಕಚ್ಚಲ್ಲ ಕಣ್ರೀ. ಎರಡೂರು ಕಚ್ಚಾಡ್ತವೆ."

"ಚೆಂದ ಇತ್ತು... ಹೆಂಗೆ ಹೆಣೆದವ್ರೆ ಅಂತ ನೋಡ್ತಿದ್ದೆ, ಅಷ್ಟೇ."

ಅವನ ಕಣ್ಣಿನ ಕೆಂಡ ಆರಿಹೋಯಿತು. "ನಾನೇ ಹೆಣೆದಿದ್ದು" ಎಂದ, ತುಸು ನಾಚಿ.

ಅವನು ಚಿತ್ತೇಶ್. ಪಕ್ಕದ ಹಟ್ಟಿಯ ಕುರಿಗಾಹಿಗಳ ಮನೆಯವನು. ತಂದೆ ಕೃಷ್ಣಯ್ಯನ ಕಾಲದಿಂದ ಆ ಮನೆಯವರೇ ಇಲ್ಲಿ ನೀರು ಹಂಚುವ ನೀರುಗಂಟಿಗಳು. ಅವರಿಗೆ ಯಾವ ಕೆರೆಯ ಕೆಳಗೂ ಜಮೀನಿಲ್ಲ. ಅದಕ್ಕೇ ಎರಡೂರೂ ಅವರನ್ನು ನಂಬಿದ್ದವು.

ಹೇಮಾವತಿ ನಾಲೆಯ ಈ ಕವಲಿನಲ್ಲಿ ಎರಡು ಗೇಟು. ಒಂದು ವನಜಾಕ್ಷಿಯ ಊರು ಕೆಂಚನಪಾಳ್ಯದ ಕೆರೆಗೆ, ಇನ್ನೊಂದು ಕೆಳಗಿನ ಗೌರಿಕಟ್ಟೆಯ ಕೆರೆಗೆ. ಯಾರ ಸರದಿಯೋ ಅವರ ಗೇಟಿಗೆ ನೀರುಗಂಟಿ ಹಸಿ ಗರಿ ಹೆಣೆದು ಕಟ್ಟುತ್ತಿದ್ದ. ಗರಿ ಹಸಿರಾಗಿರುವವರೆಗೆ ಆ ಊರಿಗೆ ನೀರು. ಒಣಗಿ ಬಣ್ಣ ತಿರುಗಿತೋ, ಇನ್ನೊಂದೂರಿನವರು ಬಂದು ತಮ್ಮ ಗೇಟು ಎತ್ತಿಕೊಳ್ಳಬಹುದು. ಹಸಿರಿದ್ದರೆ ಮಾತ್ರ, ಬೆಳೆ ಸುಟ್ಟುಹೋಗುತ್ತಿದ್ದರೂ ಯಾರೂ ಮುಟ್ಟುವಂತಿಲ್ಲ. ಆ ಹೆಣಿಗೆ ನೀರುಗಂಟಿಯ ಕೈಗಷ್ಟೇ ಬರುತ್ತಿತ್ತು.

"ನಂಗೂ ಹೇಳಿಕೊಡ್ತೀರಾ?" ವನಜಾಕ್ಷಿ ಕೇಳಿಯೇಬಿಟ್ಟಳು.

ಅವಳ ಮನಸ್ಸಿನಲ್ಲಿ ಆಗ ಕೆಟ್ಟದ್ದು ಏನೂ ಇರಲಿಲ್ಲ... ನಿಜಕ್ಕೂ ಇರಲಿಲ್ಲ!

ಮರುದಿನ ತೋಟಕ್ಕೆ ಹೋಗುವ ನೆಪದಲ್ಲಿ ಬಂದಳು. ಅದರ ಮರುದಿನವೂ ಬಂದಳು.

"ಅಯ್ಯೋ, ನೀನು ಎಡಚಿನಾ? ನಿನ್ನ ಕೈಲಿ ಹೆಣಿಗೆ ಎಲ್ಲಾ ಉಲ್ಟಾ ತಿರುಗ್ತದಲ್ಲೇ!" ಚಿತ್ತೇಶ್ ನಗುತ್ತಿದ್ದ.

"ನಕ್ಕಿದ್ದು ಸಾಕು ಬುಡಿ. ಇನ್ನೊಂದು ಸಲ ತೋರ್ಸಿ, ಮರೆತೋಯ್ತು."

ಅವಳಿಗೆ ಮರೆತಿರಲಿಲ್ಲ. ಅವನು ತೋರಿಸುವಾಗ ಬೆರಳಿಗೆ ಬೆರಳು ತಾಗುತ್ತಿತ್ತಲ್ಲ...

ಆ ವರ್ಷ ನೀರಿನ ಮಾತೇ ಎಲ್ಲ ಕಡೆ. ನಾಲೆಯ ನೀರನ್ನು ಮೇಲಿನಿಂದಲೇ ಪೈಪಿನಲ್ಲಿ ಬೇರೆ ಕಡೆಗೆ ತಿರುಗಿಸುತ್ತಾರೆಂಬ ಸುದ್ದಿ ಬಂದು, ತುರುವೇಕೆರೆ ರಸ್ತೆಯಲ್ಲಿ ಊರೂರೇ ಧರಣಿ ಕುಳಿತಿತ್ತು. ಕೆಂಚನಪಾಳ್ಯ, ಗೌರಿಕಟ್ಟೆ ಒಂದೇ ಚಾಪೆಯಲ್ಲಿ. "ನಮ್ಮ ನೀರು ಕದಿಯೋರಿಗೆ ಧಿಕ್ಕಾರ!" ಎಂದು ಗಂಟಲು ಹರಿಯುವಂತೆ ಕೂಗಿದವಳು ವನಜಾಕ್ಷಿಯೇ. ಗೌರಿಕಟ್ಟೆಯ ಹಿರಿಯ ತೋಂಟದಾರ್ಯ ತಮ್ಮ ಎಳನೀರನ್ನು ಅವಳಿಗೆ ಕೊಟ್ಟು, "ಕುಡಿ ತಾಯಿ, ಗಂಟಲು ಒಣಗದೆ" ಎಂದಿದ್ದರು.

ತಂಗಿ ಸುನಿತಾಳ ಹೆರಿಗೆಗೆಂದು ಚಿತ್ತೇಶ್ ಹುಳಿಯಾರಿಗೆ ಹೊರಟ ವಾರವೇ ಕೆಂಚನಪಾಳ್ಯದ ಗರಿ ಬಣ್ಣ ತಿರುಗತೊಡಗಿತು.

ಕೆರೆ ಅರ್ಧವೂ ತುಂಬಿರಲಿಲ್ಲ. ಅಮ್ಮ ಹೊಂಬಾಳಮ್ಮ ನೀರೆರೆದು ಬೆಳೆಸಿದ ಎಳೆ ತೆಂಗಿನ ಸಸಿಗಳ ಸುಳಿ ಬಾಡಿತ್ತು.

"ಇನ್ನೊಂದು ನಾಲ್ಕು ದಿನ ನೀರು ಬಂದಿದ್ರೆ ಉಳಿದುಬಿಡೋವು ಕಣೇ..." ಅಮ್ಮ ಸಸಿಯ ಬುಡದಲ್ಲಿ ಕೂತು ಹೇಳಿದ ಆ ಮಾತು ವನಜಾಕ್ಷಿಯ ಎದೆಗೆ ನಾಟಿತು.

ನಾಲ್ಕೇ ದಿನ ತಾನೇ? ಆಮೇಲೆ ಅವರಿಗೂ ಸಿಗುತ್ತದಲ್ಲ?

ಮಧ್ಯಾಹ್ನ, ನಾಲೆಯ ಮೇಲೆ ಯಾರೂ ಇಲ್ಲದಾಗ, ಒಣಗಿದ ಗರಿ ಬಿಚ್ಚಿ ಹಸಿ ಗರಿ ಹೆಣೆದು ಕಟ್ಟಿದಳು. ಅವನು ಕಲಿಸಿದ ಹೆಣಿಗೆ. ಅವನ ಬೆರಳು ತಾಗಿದ ಅದೇ ಬೆರಳುಗಳು...

ಮಾರನೆಯ ಬೆಳಿಗ್ಗೆ ತೋಟದ ಬೇಲಿಯಾಚೆಯಿಂದ ನೋಡಿದಳು. ತಮ್ಮೂರ ಸರದಿ ಬಂತೆಂದು ತೋಂಟದಾರ್ಯ ಗುದ್ದಲಿ ಹೊತ್ತು, ಹಟ್ಟಿಯಿಂದ ಗೇಟಿನ ಹಿಡಿ ಕೇಳಿ ತಂದಿದ್ದರು. ಗರಿ ಹಸಿರಾಗಿತ್ತು. ಅವರು ಗೇಟಿಗೆ ಕೈಮುಗಿದು, ಬಂದ ದಾರಿಯಲ್ಲೇ ವಾಪಸು ಹೋದರು.

ಬೈದಿದ್ದರಾದರೂ ಆಗುತ್ತಿತ್ತು...

ಆ ನಾಲ್ಕು ದಿನ ಮುಗಿಯುವ ಮೊದಲೇ, ಯಾರೂ ನೆನೆಸದಂತೆ, ಮೇಲಿನಿಂದ ನಾಲೆಗೇ ನೀರು ನಿಂತುಹೋಯಿತು. ಈ ವರ್ಷಕ್ಕೆ ಇಷ್ಟೇ ಅಂತೆ. ಆಮೇಲೆ ಊರ ಮೇಲೆ ಸುರಿದ ಒಂದು ಜೋರು ಮಳೆಗೆ ಕೆಂಚನಪಾಳ್ಯದ ಕೆರೆ ತುಂಬಿತು. ಆ ಮಳೆ ಗೌರಿಕಟ್ಟೆಯ ಕಡೆ ಹನಿಯಲೂ ಇಲ್ಲ; ಅಲ್ಲಿನ ಕೆರೆಯ ತಳ ಬಿರುಕು ಬಿಟ್ಟಿತು.

ಹುಳಿಯಾರಿನಿಂದ ಬಂದ ಚಿತ್ತೇಶನನ್ನು ಗೌರಿಕಟ್ಟೆಯವರು ಹಟ್ಟಿಯ ಮುಂದೆಯೇ ತಡೆದರು.

"ಹೋಗೋ ಮುಂಚೆ ಹಸಿ ಗರಿ ಕಟ್ಟಿ ಹೋದೇನ್ಲಾ? ಪಾಳ್ಯದ ಹುಡುಗಿ ಮೋರೆ ನೋಡ್ಕಂಡು ನಮ್ಮ ನೀರು ಮಾರ್ದೇನ್ಲಾ?"

ಅವರು ಗೇಟಿನಿಂದ ಬಿಚ್ಚಿ ತಂದಿದ್ದ ಹೆಣಿಗೆಯನ್ನು ಅವನು ಕೈಗೆತ್ತಿಕೊಂಡು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಗೇಟಿನ ಹಿಡಿಯನ್ನು ಅವರ ಮುಂದಿಟ್ಟು ಒಳಗೆ ಹೋದ. ಅವನ ತಾಯಿ ಜುಂಜಮ್ಮ ಬಾಗಿಲಲ್ಲಿ ನಿಂತು, "ನಮ್ಮ ಮನೆ ಮಾತು ಯಾವತ್ತೂ ತಪ್ಪಿರ್ಲಿಲ್ಲ ಕಣ್ರಪ್ಪ" ಎಂದು ಅತ್ತರಂತೆ.

ಇದೆಲ್ಲ ವನಜಾಕ್ಷಿಯ ಕಿವಿಗೂ ಬಿತ್ತು. 'ಹೇಳಿಬಿಡ್ಲಾ? ಹೇಳಿದ್ರೆ ಅಪ್ಪ ತಲೆ ಎತ್ತಿ ಓಡಾಡೋದು ಹೆಂಗೆ?' ಹೀಗೇ ದಿನ ದೂಡಿದಳು. ದಾರಿಯಲ್ಲಿ ಸಿಕ್ಕ ಚಿತ್ತೇಶ್ ಅವಳ ಮುಖ ನೋಡದೆ, ಒಂದೇ ಮಾತು ಕೇಳಿ ಕುರಿ ಹೊಡೆದುಕೊಂಡು ಹೋಗಿದ್ದ.

"ಹೆಣಿಗೆ ಚೆನ್ನಾಗಿ ಕಲ್ತೆ. ಬತ್ತಿದ್ದಿದ್ದು ಅದಕ್ಕೇನಾ?"

ಕೆರೆಗೆ ಬಾಗಿನ ಬಿಡುವ ದಿನ ಬಂತು. ಏರಿಯ ಮೇಲೆ ಹೆಂಗಸರೆಲ್ಲ ಸೇರಿದ್ದರು. ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟ ಮೊರವನ್ನು ಹೊಂಬಾಳಮ್ಮ ಮಗಳ ಕೈಗಿತ್ತರು.

ಆಗಲೇ ತೋಂಟದಾರ್ಯ ಏರಿ ಹತ್ತಿ ಬಂದರು.

"ದನ ಕುಡಿಯೋಕಾಗುವಷ್ಟು ನೀರು ಬುಡ್ರಪ್ಪ. ಜಾಸ್ತಿ ಕೇಳಲ್ಲ."

"ನಿಮ್ಮ ನೀರುಗಂಟೀನ ಕೇಳಿ ಅಜ್ಜ!" ಗುಂಪಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು.

ವನಜಾಕ್ಷಿ ಕೈಯಲ್ಲಿದ್ದ ಮೊರವನ್ನು ನೋಡಿದಳು. ಈ ಕೈಯಿಂದ ಗಂಗಮ್ಮನಿಗೆ ಬಾಗಿನವೇ?

"ಆ ಗರಿ ಕಟ್ಟಿದ್ದು ಅವ್ರಲ್ಲ... ನಾನು!"

ನಗುತ್ತಿದ್ದವರು ತಿರುಗಿ ನೋಡಿದರು.

"ಏನಂದೆ?" ಅಪ್ಪ ಗಂಗಾಧರಯ್ಯನ ದನಿ ಒಡೆಯಿತು.

"ನಾನೇ ಅಪ್ಪ. ಅವ್ರು ಊರಲ್ಲಿರ್ಲಿಲ್ಲ. ಒಣಗಿದ್ದು ಬಿಚ್ಚಿ ಹಸೀದು ಕಟ್ದೆ. ಬೇರೆಯವರು ನೀರು ಕದೀತಾರೆ ಅಂತ ರಸ್ತೇಲಿ ಕೂಗಿದ್ನಲ್ಲ... ಕದ್ದೋಳು ನಾನೇ." ತೋಂಟದಾರ್ಯರ ಮುಂದೆ ಕುಸಿದು ಕೂತಳು. "ನೀವು ಆವತ್ತು ಕೈಮುಗಿದು ಹೋದ್ರಿ ಅಜ್ಜ... ನಾನು ಬೇಲಿ ಹಿಂದೇನೇ ಇದ್ದೆ."

ಮುದುಕ ಒಂದು ಹೆಜ್ಜೆ ಹಿಂದೆ ಸರಿದರು. ತಲೆ ನೇವರಿಸಲಿಲ್ಲ. ಗಂಗಾಧರಯ್ಯ ಮುಖ ತಿರುಗಿಸಿ ನಿಂತರು.

ಮಾತಾಡಿದ್ದು ಹೊಂಬಾಳಮ್ಮ. ಮಗಳ ಕೈಯಿಂದ ಮೊರ ತೆಗೆದುಕೊಂಡು ಕೆಳಗಿಟ್ಟರು.

"ಈ ನೀರಿಗೆ ನಾನು ಬಾಗಿನ ಕೊಡಲ್ಲ. ಮೊದ್ಲು ತೂಬು ಎತ್ತಿ. ಅವರ ಪಾಲು ಹಳ್ಳದಾಗೆ ಅವರ ಕೆರೆಗೆ ಹೋಗ್ಲಿ."

"ಅಲ್ಲಮ್ಮ, ನಿಮ್ಮ ಸಸಿಗಳೇ..." ಗುಂಪಿನಲ್ಲೊಬ್ಬ ತಡೆಯಹೋದ.

"ಸಸಿ ಇನ್ನೊಂದು ನೆಡ್ಬೋದು ಕಣಪ್ಪ" ಎಂದು ಸೆರಗು ಸಿಕ್ಕಿಸಿ ತೂಬಿನ ಮೆಟ್ಟಿಲು ಇಳಿದರು. ಗೊಣಗಾಟ, ಕೂಗಾಟ ಆಯಿತು. ಆದರೆ ಒಬ್ಬೊಬ್ಬರೇ ಹೆಂಗಸರು ಅವರ ಹಿಂದೆ ಇಳಿದರು. ಕೊನೆಗೆ ಹಾರೆ ಹಿಡಿದು ಬಂದವರು ಗಂಗಾಧರಯ್ಯ.

ತೂಬು ಎದ್ದಿತು.

ವನಜಾಕ್ಷಿ ಓಡಿದಳು.

ಚಿತ್ತೇಶ್ ಹಳ್ಳದ ಒಣ ಮರಳಿನಲ್ಲಿ ಕುರಿ ಮೇಯಿಸುತ್ತಿದ್ದ. ಏದುಸಿರು ಬಿಡುತ್ತಾ ನಿಂತವಳನ್ನು ನೋಡಿ ಎದ್ದ.

"ಎಲ್ಲರ ಮುಂದೆ ಹೇಳಿಬಿಟ್ಟೆ. ತೋಂಟದಾರ್ಯಜ್ಜನೂ ಇದ್ರು. ಅಜ್ಜ ನನ್ನ ಕ್ಷಮಿಸ್ಲಿಲ್ಲ... ನೀವೂ ಕ್ಷಮಿಸಬೇಡಿ. ಆದ್ರೆ ನಿಮ್ಮ ಮನೆ ಮಾತು ತಪ್ಪಿಲ್ಲ ಅಂತ ಈಗ ಎಲ್ಲರಿಗೂ ಗೊತ್ತು."

"ನಂಗೆ ಆವತ್ತೇ ಗೊತ್ತಿತ್ತು. ಹೆಣಿಗೆ ಎಡಕ್ಕೆ ತಿರುಗಿತ್ತು."

"ಮತ್ತೆ... ಯಾಕೆ ಹೇಳ್ಲಿಲ್ಲ?"

ಅವನು ಮರಳು ನೋಡುತ್ತಾ ನಿಂತ. "ಹೇಳಿದ್ರೆ, ನೀನು ನನ್ನ ಹತ್ರ ಬಂದಿದ್ದು ಅದಕ್ಕೇ ಅಂತ ನಾನೇ ಒಪ್ಕಂಡಂಗೆ ಆಗ್ತಿತ್ತಲ್ಲ ವನಜ... ಅದು ನನ್ನ ಕೈಲಿ ಆಗ್ಲಿಲ್ಲ."

"ಹೆಣಿಗೆ ನಂಗೆ ಮೊದಲನೇ ದಿನವೇ ಬಂದಿತ್ತು ರೀ!" ಅವಳು ಬಿಕ್ಕಿದಳು. "ಆಮೇಲೆ ದಿನಾ ಮರೆತೋಯ್ತು ಅಂತ ಸುಳ್ಳು ಹೇಳ್ಕಂಡು ಬತ್ತಿದ್ದೆ. ನಿಮ್ಮನ್ನ ನೋಡೋಕೆ."

ಕುರಿಗಳು ತಟ್ಟನೆ ಕಿವಿ ನಿಮಿರಿಸಿದವು. ಮೇಲಿನ ತಿರುವಿನಲ್ಲಿ ಒಣ ಎಲೆಗಳನ್ನು ತಳ್ಳಿಕೊಂಡು, ಮರಳು ನೆನೆಸುತ್ತಾ, ನೀರು ಬರುತ್ತಿತ್ತು. ಇಬ್ಬರ ಕಾಲೂ ನೆನೆದವು. ಅದು ಗೌರಿಕಟ್ಟೆಯ ಕಡೆಗೆ ಸಾಗಿತು.

ಚಿತ್ತೇಶ್ ದಡದಲ್ಲಿ ಬಿದ್ದಿದ್ದ ಎಳೆ ಗರಿಯೊಂದನ್ನು ಸೀಳಿದ. ಹೆಣೆದು ಅವಳ ಎಡಗೈ ಮಣಿಕಟ್ಟಿಗೆ ಕಟ್ಟಿದ.

"ಇದು ಒಣಗಿಹೋದ್ರೆ?" ಅವಳು ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಒಣಗೋ ಮುಂಚೆ ಯಾರಿಗೂ ಹೇಳದೆ ಹಸೀದು ಕಟ್ಕೋ." ಎಷ್ಟೋ ದಿನದ ಮೇಲೆ ಅವನು ನಕ್ಕ. "ಅದು ನಿಂಗೆ ಚೆನ್ನಾಗಿ ಬತ್ತದಲ್ಲ!"

"ತಪ್ಪಲ್ವಾ?"

"ಗೇಟಿಗೆ ತಪ್ಪು ಕಣೇ. ಈ ಸರದಿ ಮಾತ್ರ... ಮುಗಿಯೋದೇ ಬೇಡ."